ಹಡಗುಗಳ ದಾರಿಯಲ್ಲಿ ಪುಟ್ಟ ಹಾಯಿದೋಣಿಯನ್ನು ನಡೆಸುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಹಾಯಿದೋಣಿ ಕಲಿಯಲು ಹೊರಟವರಿಗೆ ಮೊದಲು ಸಿಗುವುದು ಅಲಸೂರು ಕೆರೆ ಅಥವಾ ಕೃಷ್ಣರಾಜಸಾಗರದ ಹಿನ್ನೀರು. ಗಾಳಿಯನ್ನು ಅರಿಯಲು ಆ ನೀರು ಧಾರಾಳವಾಗಿ ಸಾಕು. ಆದರೆ ಮುಂಬೈ ಅಥವಾ ಕೊಚ್ಚಿಯ ಬಂದರಿಗೆ ಹೋದಾಗ ಅಲ್ಲಿನ ನೀರು ಎಷ್ಟೇ ವಿಶಾಲವಾಗಿ ಕಂಡರೂ ದೊಡ್ಡ ಹಡಗುಗಳು ಓಡಾಡಬಲ್ಲ ಆಳ ಹೂಳೆತ್ತಿದ ಒಂದು ಕಿರಿದಾದ ಕಾಲುವೆಯಲ್ಲಿ ಮಾತ್ರ ಇರುತ್ತದೆ ಎಂಬುದನ್ನು ನಮ್ಮವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಯಂತ್ರದ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು ಎಂದು ಕೆರೆಯಲ್ಲಿ ಕಲಿತ ಪಾಠವನ್ನು ಇಲ್ಲಿ ನೆಚ್ಚಿಕೊಳ್ಳಬಾರದು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ ಒಂಬತ್ತನೆಯದು, 20 ಮೀಟರಿಗಿಂತ ಚಿಕ್ಕ ದೋಣಿಗಳೂ ಎಲ್ಲ ಹಾಯಿದೋಣಿಗಳೂ ಕಿರಿದಾದ ಕಾಲುವೆಯೊಳಗಷ್ಟೇ ಸುರಕ್ಷಿತವಾಗಿ ಸಾಗಬಲ್ಲ ಹಡಗಿಗೆ ಅಡ್ಡಿಯಾಗಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹಾಯಿ ಏರಿಸಿಕೊಂಡೇ ಎಂಜಿನ್ ಬಳಸಿ ಸಾಗಿದರೆ ನಿಯಮದ ಪ್ರಕಾರ ನೀವೂ ಯಂತ್ರದ ದೋಣಿಯೇ; ಆಗ ತುದಿ ಕೆಳಮುಖವಾದ ಕಪ್ಪು ಶಂಕುವನ್ನು ಮುಂಭಾಗದಲ್ಲಿ ತೂಗುಹಾಕಬೇಕು.

ಹಾಗಾಗಿ ಸಾಧ್ಯವಾದಲ್ಲೆಲ್ಲ ಕಾಲುವೆಯ ಹೊರಗೇ ಸಾಗುವುದು ಉತ್ತಮ. ಭಾರತದ ಬಂದರುಗಳಲ್ಲಿ ಸಮುದ್ರದಿಂದ ಒಳಗೆ ಬರುವಾಗ ಕೆಂಪು ತೇಲುಗುರುತುಗಳು ಎಡಕ್ಕೂ ಹಸಿರು ಗುರುತುಗಳು ಬಲಕ್ಕೂ ಇರುತ್ತವೆ. ಹನ್ನೆರಡು ಮೀಟರ್ ಆಳ ಬೇಡುವ ಹಡಗು ಆ ಸಾಲನ್ನು ದಾಟಿ ಬರಲಾರದು, ಒಂದೂವರೆ ಮೀಟರ್ ಸಾಕಾಗುವ ನಿಮ್ಮ ದೋಣಿ ದಾಟಬಲ್ಲದು. ಒಳಬರುವಾಗ ಹಸಿರು ಸಾಲಿನ ಆಚೆಗೂ ಹೊರಹೋಗುವಾಗ ಕೆಂಪು ಸಾಲಿನ ಆಚೆಗೂ ಇದ್ದರೆ ನೀವು ಬಲಮಗ್ಗುಲಲ್ಲಿಯೇ ಇದ್ದಂತಾಗುತ್ತದೆ. ಆದರೆ ನಕ್ಷೆಯಲ್ಲಿ ಅಲ್ಲಿನ ಆಳವನ್ನು ನೋಡದೆ ಹೋಗಬೇಡಿ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ವ್ಯತ್ಯಾಸ ನಾಲ್ಕು ಮೀಟರ್ ದಾಟುವುದುಂಟು. ಬೆಳಿಗ್ಗೆ ತೇಲಿದ ಜಾಗದಲ್ಲಿ ಮಧ್ಯಾಹ್ನ ಕೆಸರಿನಲ್ಲಿ ಹೂತುಹೋಗಬಹುದು.

ಅಡ್ಡ ದಾಟುವ ಪ್ರಸಂಗವೇ ಹೆಚ್ಚು ಎಚ್ಚರ ಬೇಡುವಂಥದ್ದು. ಕಾಲುವೆ 300 ಮೀಟರ್ ಅಗಲವಿದ್ದು ನಿಮ್ಮ ವೇಗ ನಾಲ್ಕು ನಾಟ್, ಅಂದರೆ ಗಂಟೆಗೆ ನಾಲ್ಕು ನಾಟಿಕಲ್ ಮೈಲಿ (ಸುಮಾರು ಏಳೂವರೆ ಕಿಲೋಮೀಟರ್) ಎಂದಿಟ್ಟುಕೊಂಡರೆ, ದಾಟಲು ಸುಮಾರು ಎರಡೂವರೆ ನಿಮಿಷ ಬೇಕು. ಅಷ್ಟರಲ್ಲಿ ಹನ್ನೆರಡು ನಾಟ್ ವೇಗದ ಹಡಗು ಸುಮಾರು 900 ಮೀಟರ್ ಮುಂದೆ ಬಂದಿರುತ್ತದೆ. ಇದು ಗಾಳಿ ಕೈಕೊಡದಿದ್ದರೆ ಮಾತ್ರದ ಲೆಕ್ಕ. ದೊಡ್ಡ ಹಡಗಿನ ಮರೆಗೆ ಬಂದ ಕ್ಷಣ ಹಾಯಿ ಸೋತು ಜೋತುಬೀಳುವುದರಿಂದ, ದಾಟಲು ಹೊರಡುವ ಮೊದಲೇ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಇಟ್ಟಿರಬೇಕು. ಎರಡು ನಾಟಿಕಲ್ ಮೈಲಿಯೊಳಗೆ ಹಡಗು ಕಂಡರೆ ಕಾಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅದು ಹೋದ ಮೇಲೆ ಅದರ ಹಿಂದಿನಿಂದ ದಾಟಿ. ದಾಟುವಾಗ ಮೂತಿ ಕಾಲುವೆಗೆ ಲಂಬವಾಗಿರಲಿ. ಸೆಳೆತ ದೋಣಿಯನ್ನು ಓರೆಯಾಗಿ ಒಯ್ದರೂ ಪರವಾಗಿಲ್ಲ, ಒಳಗಿರುವ ಹೊತ್ತು ಕಡಿಮೆಯಾಗುವುದು ಮುಖ್ಯ.

ಡಿಕ್ಕಿಯ ಅಪಾಯವಿದೆಯೇ ಎಂದು ತಿಳಿಯಲು ಕೈದಿಕ್ಸೂಚಿ ಹಿಡಿದು ಹಡಗಿನ ದಿಕ್ಕನ್ನು ನಿಮಿಷಕ್ಕೊಮ್ಮೆ ಅಳೆಯಿರಿ. ದೂರ ಕಡಿಮೆಯಾಗುತ್ತಿದ್ದರೂ ದಿಕ್ಕು ಬದಲಾಗದಿದ್ದರೆ ಇಬ್ಬರೂ ಒಂದೇ ಜಾಗಕ್ಕೆ ಹೋಗುತ್ತಿದ್ದೀರಿ ಎಂದರ್ಥ. ಇದನ್ನು ಸಮುದ್ರಕ್ಕೆ ಹೋಗುವ ಮೊದಲೇ ಊರಿನಲ್ಲಿ ಅಭ್ಯಾಸ ಮಾಡಬಹುದು: ತುಮಕೂರಿನಿಂದ ಶಿರಾ ಕಡೆಗೆ ಕಾರಿನಲ್ಲಿ, ಚಾಲಕರಾಗಿ ಅಲ್ಲದೆ ಪಕ್ಕದ ಸೀಟಿನಲ್ಲಿ ಕುಳಿತು ಹೋಗುವಾಗ, ಅಡ್ಡರಸ್ತೆಯಿಂದ ಬರುವ ಲಾರಿ ಕಿಟಕಿಯ ಒಂದೇ ಮೂಲೆಯಲ್ಲಿ ನಿಂತು ದೊಡ್ಡದಾಗುತ್ತಿದೆಯೇ ಅಥವಾ ಹಿಂದಕ್ಕೆ ಜಾರುತ್ತಿದೆಯೇ ಎಂದು ಗಮನಿಸಿ. ಸಮುದ್ರದಲ್ಲಿ ಒಂದು ಮಾತು ಹೆಚ್ಚಿಗೆ ನೆನಪಿಡಬೇಕು. ಹಡಗು ಬಲು ಉದ್ದವಾದ್ದರಿಂದ ಅದರ ಮೂತಿ ಮತ್ತು ಹಿಂಬದಿ ಎರಡನ್ನೂ ಅಳೆಯಬೇಕು. ಮೂತಿ ಒಂದು ಕಡೆಗೂ ಹಿಂಬದಿ ಇನ್ನೊಂದು ಕಡೆಗೂ ಸರಿಯುತ್ತಿದ್ದರೆ ಅದರ ನಡುಭಾಗ ನಿಮ್ಮ ಮೇಲೆಯೇ ಬರುತ್ತಿದೆ.

ದಾರಿ ಬದಲಿಸುವುದಾದರೆ ಬೇಗ ಬದಲಿಸಿ, ದೂರದಿಂದ ನೋಡುವವರಿಗೂ ಗೊತ್ತಾಗುವಷ್ಟು ದೊಡ್ಡದಾಗಿ ತಿರುಗಿಸಿ. ಐದೈದು ಡಿಗ್ರಿಯಂತೆ ತಿರುಗಿಸುವ ದೋಣಿಯ ಉದ್ದೇಶ ಹಡಗಿಗೆ ಬಂದರಿನ ದಾರಿ ತೋರುವ ಪೈಲಟ್‌ಗೆ ತಿಳಿಯುವುದೇ ಇಲ್ಲ. ಹಡಗಿನ ಮುಂದೆ ಅದರ ಎರಡು ಉದ್ದದಷ್ಟು ಅಥವಾ 500 ಮೀಟರ್, ಯಾವುದು ಕಡಿಮೆಯೋ ಅಷ್ಟು ದೂರದವರೆಗಿನ ನೀರು ಚಾಲನಾಕೊಠಡಿಗೆ ಕಾಣದಿರಲು ಅಂತರರಾಷ್ಟ್ರೀಯ ನಿಯಮವೇ ಅವಕಾಶ ಕೊಟ್ಟಿದೆ. ಆ ಕೊಠಡಿಯ ಕಿಟಕಿಗಳು ನಿಮಗೆ ಕಾಣದಿದ್ದರೆ ಅಲ್ಲಿರುವವರಿಗೆ ನೀವೂ ಕಾಣುತ್ತಿಲ್ಲ. ರೇಡಾರ್ ಪ್ರತಿಫಲಕವನ್ನು ಎತ್ತರದಲ್ಲಿ ಕಟ್ಟಿ, ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಗಳಿಗೆ ಮೀಸಲಾದ 16ನೇ ಚಾನೆಲ್ಲಿಗೆ ಸದಾ ಕಿವಿಗೊಟ್ಟಿರಿ. ಐದು ಗಿಡ್ಡ ಸಿಳ್ಳೆ ಕೇಳಿದರೆ ನಿಮ್ಮ ನಡೆ ಅವರಿಗೆ ಅನುಮಾನ ತಂದಿದೆ; ಕಾರಣ ಯೋಚಿಸುತ್ತಾ ಕೂರದೆ ಕಾಲುವೆಯ ಹತ್ತಿರದ ಅಂಚಿಗೆ ಸರಿಯಿರಿ.

ಹೊಸಬರು ರಾತ್ರಿ ಇಂಥ ಕಡೆ ಹೋಗದಿರುವುದೇ ಒಳಿತು. ಕತ್ತಲಾಗಿಯೇ ಬಿಟ್ಟರೆ, ಹಡಗಿನ ಕೆಂಪು ಹಸಿರು ದೀಪಗಳೆರಡೂ ಒಟ್ಟಿಗೆ ಕಂಡಾಗ ಅದು ನೇರ ನಿಮ್ಮತ್ತ ಬರುತ್ತಿದೆ ಎಂದು ತಿಳಿಯಿರಿ. ಟಗ್ಗಿನ (ಬೇರೆ ಹಡಗುಗಳನ್ನು ಎಳೆಯುವ ಪುಟ್ಟ ಹಡಗಿನ) ಹಿಂದೆ ಬಾರ್ಜ್, ಅಂದರೆ ಸರಕಿನ ಚಪ್ಪಟೆ ದೋಣಿ ಇದೆಯೇ ಎಂದು ನೋಡದೆ ಅದರ ಬೆನ್ನ ಹಿಂದೆ ಎಂದೂ ನುಗ್ಗಬೇಡಿ, ನಡುವಿನ ಹಗ್ಗ ನೀರಿನಲ್ಲಿ ಮುಳುಗಿರುತ್ತದೆ. ಹಡಗು ಹೋದ ಮೇಲೆ ಅದರ ಅಲೆಗಳು ತಡವಾಗಿ ಬಂದು ತಲುಪುತ್ತವೆ. ಅವು ಬರುವ ಮೊದಲೇ ಎಲ್ಲರನ್ನೂ ಕೂರಿಸಿ, ಮೂತಿಯನ್ನು ಅವುಗಳತ್ತ ತುಸು ಓರೆಯಾಗಿ ತಿರುಗಿಸಿಕೊಳ್ಳಿ.