ಮೊದಲು ಪ್ರಶ್ನೆ ಬರೆಯಿರಿ, ಆಮೇಲೆ ಪುಸ್ತಕ ತೆಗೆಯಿರಿ

"ಮೇಡಂ, ಎಷ್ಟು ಓದಿದ್ರೂ ತಲೇಲಿ ನಿಲ್ಲಲ್ಲ." ನಾನು ಅತಿ ಹೆಚ್ಚು ಕೇಳುವ ಮಾತು ಇದು. ಹಾವೇರಿ ಜಿಲ್ಲೆಯ ಹಿರೇಕೆರೂರು ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂಜೆ ಊರಿನ ಗ್ರಂಥಾಲಯದಲ್ಲಿ ಓದುವವರ ಜೊತೆ ಕೂರುತ್ತೇನೆ. ಅಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳೂ ಇರುತ್ತಾರೆ, ಎಫ್‌ಡಿಎ, ಪಿಡಿಒ ಥರದ ಸರ್ಕಾರಿ ನೌಕರಿಯ ಪರೀಕ್ಷೆಗೆ ತಯಾರಿ ಮಾಡುವ ದೊಡ್ಡವರೂ ಇರುತ್ತಾರೆ. ಯಾರು ಈ ಮಾತು ಹೇಳಿದರೂ ನಾನು ತಿರುಗಿ ಕೇಳುವುದು ಒಂದೇ: "ಇವತ್ತು ಏನು ತಿಳ್ಕೊಳ್ಳೋಕೆ ಕೂತಿದ್ದೀರಿ?" ಬರುವ ಉತ್ತರ: "ಇತಿಹಾಸದ ಎರಡು ಪಾಠ ಮುಗಿಸ್ಬೇಕು ಮೇಡಂ."

ತೊಂದರೆ ಇರುವುದು ಇಲ್ಲೇ. ಮುಗಿಸುವುದೇ ಗುರಿಯಾದರೆ ಕಣ್ಣು ಸಾಲಿನಿಂದ ಸಾಲಿಗೆ ಓಡುತ್ತದೆ, ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಇದೇ ಹುಡುಗನಿಗೆ ರಾಣೆಬೆನ್ನೂರಿಗೆ ಸಂಜೆ ಯಾವ ಬಸ್ಸು ಎಷ್ಟೊತ್ತಿಗೆ ಅಂತ ಬಾಯಲ್ಲೇ ಇರುತ್ತದೆ. ಅವನಿಗೆ ಅದು ಬೇಕಿತ್ತು, ಕೇಳಿ ತಿಳಿದುಕೊಂಡ, ಉಳಿಯಿತು. ನೆನಪಿನ ಶಕ್ತಿ ಚೆನ್ನಾಗಿಯೇ ಇದೆ ಅಲ್ವಾ? ಅದಕ್ಕೆ ಕೆಲಸ ಹೇಳಬೇಕು, ಅಷ್ಟೇ.

ಹಾಗಾಗಿ ಮೊದಲ ಹೆಜ್ಜೆ ಪುಸ್ತಕ ತೆರೆಯುವ ಮೊದಲೇ. ಒಂದು ಬಿಡಿ ಹಾಳೆ ತೆಗೆದುಕೊಳ್ಳಿ. ಹಳೆ ನೋಟ್ಸಿನ ಹಿಂಭಾಗವಾದರೂ ಸಾಕು. ಮೇಲ್ಗಡೆ ಒಂದೇ ಒಂದು ಪ್ರಶ್ನೆ ಬರೆಯಿರಿ. "ಏಕೀಕರಣದ ಬಗ್ಗೆ ಓದಬೇಕು" ಅನ್ನುವುದು ಪ್ರಶ್ನೆಯಲ್ಲ. "ಕನ್ನಡ ನಾಡು ಯಾರ್ಯಾರ ಆಡಳಿತದಲ್ಲಿ ಹಂಚಿಹೋಗಿತ್ತು?" ಅನ್ನುವುದು ಪ್ರಶ್ನೆ. ಉತ್ತರ ಸಿಕ್ಕಿತೋ ಇಲ್ಲವೋ ಅಂತ ನಿಮಗೇ ಗೊತ್ತಾಗಬೇಕು, ಅಂಥದ್ದನ್ನೇ ಬರೆಯಿರಿ.

ಪ್ರಶ್ನೆ ಎಲ್ಲಿಂದ ತರುವುದು? ಪಾಠದ ಕೊನೆಯ ಅಭ್ಯಾಸವನ್ನು ಮೊದಲೇ ಓದಿ. ಹಳೆಯ ಪ್ರಶ್ನೆಪತ್ರಿಕೆ ನೋಡಿ. ಎರಡೂ ಇಲ್ಲದಿದ್ದರೆ ಪಾಠದ ಉಪಶೀರ್ಷಿಕೆಗೆ ಯಾಕೆ, ಹೇಗೆ, ಯಾವಾಗ ಅಂತ ಸೇರಿಸಿ, ಪ್ರಶ್ನೆ ಹುಟ್ಟುತ್ತದೆ. ಇದು ಹೊಸದೇನಲ್ಲ. 1946ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ ಕಾಲೇಜು ವಿದ್ಯಾರ್ಥಿಗಳಿಗೆ ಹೀಗೆ ಓದಲು ಹೇಳಿಕೊಟ್ಟಿದ್ದರು: ಮೊದಲು ಮೇಲುಮೇಲೆ ನೋಡು, ಪ್ರಶ್ನೆ ಮಾಡಿಕೋ, ಓದು, ನೋಡದೆ ಹೇಳು, ಕೊನೆಗೆ ಮತ್ತೆ ತಿರುವಿ ಹಾಕು.

ಪ್ರಶ್ನೆ ಬರೆದ ಮೇಲೆ ಒಂದು ನಿಮಿಷ ಊಹೆ ಮಾಡಿ. ತಪ್ಪಾದರೂ ಚಿಂತೆಯಿಲ್ಲ, ಬರೆದುಬಿಡಿ. ಆಮೇಲೆ ಓದುವಾಗ ಸರಿ ಉತ್ತರ ಎದುರಾದರೆ "ಓ, ಹೀಗಾ!" ಅನಿಸುತ್ತದಲ್ಲ, ಹಾಗೆ ಅನಿಸಿದ್ದು ಬೇಗ ಮರೆಯುವುದಿಲ್ಲ.

ಈಗ ಏಕೀಕರಣದ ಪಾಠವನ್ನೇ ಹಿಡಿದು ಮಾಡಿ ತೋರಿಸುತ್ತೇನೆ. ಹಾಳೆಯ ಮೇಲೆ ಪ್ರಶ್ನೆ ಬರೆದಾಯಿತು: ಯಾರ್ಯಾರ ಆಡಳಿತ? ಊಹೆಗೆ ಮಕ್ಕಳು ಸಾಮಾನ್ಯವಾಗಿ "ಮೈಸೂರು ಮಹಾರಾಜರು, ಬ್ರಿಟಿಷರು" ಅಂತ ಬರೆಯುತ್ತಾರೆ. ಆಮೇಲೆ ಪುಸ್ತಕ ತೆರೆದರೆ ಮುಖ್ಯವಾಗಿ ಐದು ಭಾಗ ಸಿಗುತ್ತವೆ: ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ್ಯ, ಮದ್ರಾಸ್ ಪ್ರಾಂತ್ಯ, ಹೈದರಾಬಾದ್ ನಿಜಾಮರ ಸೀಮೆ, ಕೊಡಗು. ಜೊತೆಗೆ ಅಲ್ಲಲ್ಲಿ ಸಣ್ಣ ಸಂಸ್ಥಾನಗಳು. ಇಲ್ಲಿ ಪುಸ್ತಕ ಮುಚ್ಚಿಸುತ್ತೇನೆ. ಹಾಳೆಯಲ್ಲಿ ಕರ್ನಾಟಕದ ನಕ್ಷೆಯನ್ನು ಅಂದಾಜಿಗೆ ಗೀಚಿ, ಈ ಭಾಗಗಳನ್ನು ನೋಡದೆ ತುಂಬಬೇಕು. ನಮ್ಮ ಹಿರೇಕೆರೂರು ಧಾರವಾಡ ಜಿಲ್ಲೆಯ ಜೊತೆ ಮುಂಬೈ ಪ್ರಾಂತ್ಯದಲ್ಲಿತ್ತು. ಪಕ್ಕದ ಶಿಕಾರಿಪುರ ಮೈಸೂರು ಸಂಸ್ಥಾನ. ಈ ಕಡೆ ಸವಣೂರಲ್ಲಿ ನವಾಬರು. "ಅಂದ್ರೆ ನಮ್ಮ ಅಜ್ಜಿ ತವರುಮನೆ ಬೇರೆ ರಾಜ್ಯದಲ್ಲಿತ್ತಾ ಮೇಡಂ?" ಅಂತ ಕೇಳಿದ ಹುಡುಗಿಗೆ ಆ ಪಾಠ ಮತ್ತೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಊರು ಬೀದರ್ ಆದರೆ ನಿಜಾಮರಿಂದ ಶುರು ಮಾಡಿ, ಮಂಗಳೂರಾದರೆ ಮದ್ರಾಸಿನಿಂದ.

ಅದೇ ಪುಟವನ್ನು ಎಫ್‌ಡಿಎಗೆ ಓದುವವರು ಬೇರೆ ಕಣ್ಣಿನಿಂದ ನೋಡಬೇಕು. ಅವರಿಗೆ ಬರುವುದು ನಾಲ್ಕು ಆಯ್ಕೆಗಳ ಪ್ರಶ್ನೆ. ಅಲ್ಲಿ ಕಾಡುವುದು ಒಂದರ ಹಾಗೆ ಇನ್ನೊಂದು ಕಾಣುವ ಇಸವಿಗಳು. ಅವರ ಹಾಳೆಯ ಪ್ರಶ್ನೆ ಹೀಗಿರಲಿ: "1953, 1956, 1973 – ಯಾವಾಗ ಏನಾಯಿತು?" 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ಕ್ಕೆ ಉಳಿದ ಭಾಗಗಳು ಸೇರಿ ವಿಶಾಲ ಮೈಸೂರು ರಾಜ್ಯವಾಯಿತು, ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. 1973ರಲ್ಲಿ, ದೇವರಾಜ ಅರಸು ಕಾಲದಲ್ಲಿ, ಹೆಸರು ಕರ್ನಾಟಕ ಅಂತಾಯಿತು. ಒಂದು ಸೇರ್ಪಡೆ ಶುರುವಾದ ವರ್ಷ, ಒಂದು ರಾಜ್ಯವಾದ ವರ್ಷ, ಒಂದು ಹೆಸರು ಬದಲಾದ ವರ್ಷ. ಹೀಗೆ ಎದುರುಬದುರು ಇಟ್ಟು ಓದಿದರೆ ಪರೀಕ್ಷೆಯಲ್ಲಿ ಗಲಿಬಿಲಿ ಆಗುವುದಿಲ್ಲ.

ಒಂದೇ ಪಠ್ಯ, ಬೇರೆ ಉದ್ದೇಶ, ಬೇರೆ ನೆನಪು. 1977ರಲ್ಲಿ ಅಮೆರಿಕದ ಸಂಶೋಧಕರಾದ ಪಿಚರ್ಟ್ ಮತ್ತು ಆಂಡರ್ಸನ್ ಇದನ್ನು ಚೆಂದವಾಗಿ ತೋರಿಸಿದರು. ಶಾಲೆ ತಪ್ಪಿಸಿ ಮನೆಗೆ ಬಂದ ಇಬ್ಬರು ಹುಡುಗರ ಕಥೆ ಓದಲು ಕೊಟ್ಟರು. ಕೆಲವರಿಗೆ "ನೀವು ಕಳ್ಳ ಅಂದುಕೊಂಡು ಓದಿ" ಅಂದರು, ಕೆಲವರಿಗೆ "ಈ ಮನೆ ಕೊಳ್ಳಲು ಬಂದಿದ್ದೀರಿ ಅಂದುಕೊಂಡು ಓದಿ" ಅಂದರು. ಕಳ್ಳನಾಗಿ ಓದಿದವರಿಗೆ ನಾಣ್ಯದ ಸಂಗ್ರಹದಂಥ ಬೆಲೆಬಾಳುವ ವಸ್ತುಗಳು ಜಾಸ್ತಿ ನೆನಪಿದ್ದವು. ಮನೆ ಕೊಳ್ಳುವವರಿಗೆ ಸೋರುವ ಮಾಡಿನಂಥ ವಿವರಗಳು. ಮರುವರ್ಷ ಅವರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ನೆನಪಿದ್ದಷ್ಟು ಕಥೆ ಬರೆದು ಮುಗಿಸಿದವರಿಗೆ "ಈಗ ಪಾತ್ರ ಬದಲಿಸಿ ನೆನಪು ಮಾಡಿಕೊಳ್ಳಿ" ಅಂದಾಗ, ಮತ್ತೆ ಓದದೆಯೇ ಹೊಸ ವಿವರಗಳು ಬಂದವು. ಹಾಗಾಗಿ ಪರೀಕ್ಷೆಯಲ್ಲಿ ಉತ್ತರ ಹೊಳೆಯದಿದ್ದರೆ ಗಾಬರಿ ಬೇಡ. ಪ್ರಶ್ನೆಯನ್ನೇ ತಿರುಗಿಸಿ ನೋಡಿ: ಯಾರು ಅನ್ನುವುದು ಬರದಿದ್ದರೆ ಎಲ್ಲಿ ಅಂತ ಕೇಳಿಕೊಳ್ಳಿ.

ಪುಸ್ತಕ ಮುಚ್ಚುವ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಮತ್ತೆ ಮತ್ತೆ ಓದಿದರೆ ಪುಟ ಪರಿಚಯವಾಗುತ್ತದೆ, ಎಲ್ಲ ಬರುತ್ತದೆ ಅನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಸುಮ್ನೆ ಮರುಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದರೆ, ನೋಡದೆ ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು. ಪರೀಕ್ಷೆ ಐದು ನಿಮಿಷಕ್ಕೆ ಇರುವುದಿಲ್ಲವಲ್ಲ! ಬರೆಯಲು ಬೇಜಾರಾದರೆ ಬಾಯಲ್ಲಿ ಹೇಳಿ. ಅಮ್ಮ ಸೊಪ್ಪು ಸೋಸುವಾಗ ಎದುರು ಕೂತು ಪಾಠ ಹೇಳಿ. ಅಮ್ಮನಿಗೆ ಅರ್ಥವಾಗದೆ "ಹಂಗಂದ್ರೆ?" ಅಂತ ಕೇಳಿದ ಜಾಗವೇ ನಿಮಗೂ ಸರಿಯಾಗಿ ಬಾರದ ಜಾಗ. ಅದನ್ನಷ್ಟೇ ಮತ್ತೆ ಓದಿ.

ಹೈಲೈಟರ್ ಬಗ್ಗೆ ಒಂದು ಮಾತು. ಪುಟವೆಲ್ಲ ಹಳದಿಯಾದರೆ ಏನೂ ಗುರುತು ಹಾಕದಂತೆಯೇ ಲೆಕ್ಕ. ನಿಮ್ಮ ಪ್ರಶ್ನೆಗೆ ಉತ್ತರವಾದ ಸಾಲಿಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪದ್ಯ, ಸೂತ್ರ, ಮಗ್ಗಿಗೆ ಕಂಠಪಾಠವೇ ಸರಿ, ಅದನ್ನು ಬಿಡಬೇಡಿ.

ಇನ್ನು ಮರೆವು. ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಬರೆದ. ಮರೆವು ಶುರುವಿನಲ್ಲೇ ಜೋರು, ಆಮೇಲೆ ನಿಧಾನ. ಅದಕ್ಕೇ ಮೊದಲ ಸಲ ತಿರುವಿ ಹಾಕುವುದು ಮರುದಿನವೇ ಆಗಬೇಕು. ಮುಂದಿನದು ಮೂರ್ನಾಲ್ಕು ದಿನಕ್ಕೆ, ಆಮೇಲೆ ವಾರಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖುಗಳಿಗೆ ಪಾಠದ ಹೆಸರು ಬರೆದಿಡಿ. ತಿರುವಿ ಹಾಕುವುದು ಅಂದರೆ ಪಾಠ ಪೂರ್ತಿ ಓದುವುದು ಅಂದುಕೊಳ್ಳಬೇಡಿ. ಹಾಳೆಯ ಮೇಲಿನ ಪ್ರಶ್ನೆ ಮಾತ್ರ ನೋಡಿ, ಉತ್ತರ ಹೇಳಿ, ತಾಳೆ ನೋಡಿ. ಒಂದು ಪಾಠಕ್ಕೆ ಹತ್ತು ನಿಮಿಷ ಸಾಕು. ನಿದ್ದೆಗೆಟ್ಟು ಓದಬೇಡಿ. ಓದಿದ್ದು ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು.

ಹಾಳೆಗಳನ್ನು ಎಸೆಯಬೇಡಿ, ಒಂದು ಕ್ಲಿಪ್ಪಿಗೆ ಹಾಕಿ. ಬೇರೆ ಬೇರೆ ದಿನ ಮೂರು ಸಲ ನೋಡದೆ ಸರಿಯಾಗಿ ಹೇಳಿದ ಪ್ರಶ್ನೆಯ ಹಾಳೆಯನ್ನು ಹಿಂದಕ್ಕೆ ಸೇರಿಸಿ, ತಪ್ಪಿದ್ದನ್ನು ಮೇಲಕ್ಕೆ ತನ್ನಿ. ಪರೀಕ್ಷೆಯ ಹಿಂದಿನ ದಿನ ಪುಸ್ತಕದ ರಾಶಿ ಮುಂದಿಟ್ಟುಕೊಂಡು ಕೂರಬೇಡಿ. ಮೇಲ್ಗಡೆ ಉಳಿದ ಆ ಕೆಲವು ಹಾಳೆಗಳನ್ನಷ್ಟೇ ನೋಡಿ, ಬೇಗ ಮಲಗಿ.