ಕವರ್ ವಾಪಸ್ ಬಂದರೂ ಕೇಸ್ ನಿಲ್ಲಲಿಲ್ಲ

2022ರ ಜೂನ್‌ನಲ್ಲಿ ಮಗಳ ಜೀವನಾಂಶಕ್ಕೆ ಶಿವಮೊಗ್ಗದಲ್ಲಿ ಅರ್ಜಿ ಹಾಕಿದೆ. ಆಗ ಅದು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144. ನಾನು ತವರಿನಲ್ಲಿದ್ದೆ. ನಾವಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಾಗಿಲ್ಲ. ವಕೀಲರನ್ನು ಕಾನೂನು ಸೇವೆಗಳ ಪ್ರಾಧಿಕಾರದವರೇ ಕೊಟ್ಟರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅದು ಉಚಿತ.

ಗಂಡನಿಗೆ ಕೋರ್ಟ್ ಕಳಿಸಿದ ಮೊದಲ ನೋಟಿಸ್ ‘ವಿಳಾಸ ಸಾಲದು’ ಅಂತ ವಾಪಸ್ ಬಂತು. ಊರು, ಪೋಸ್ಟ್, ತೀರ್ಥಹಳ್ಳಿ ತಾಲ್ಲೂಕು ಅಂತಷ್ಟೇ ಬರೆಸಿದ್ದೆ. ಮಲೆನಾಡಿನ ಮನೆಗಳು ಗೊತ್ತಲ್ವಾ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡವೇ ಇರುತ್ತದೆ. ಎರಡನೇ ಸಲ ಮಾವನವರ ಹೆಸರು, ಮನೆತನದ ಹೆಸರು, ಬಸ್ ಇಳಿಯುವ ಜಾಗ, ಸಂಕ ದಾಟಿದ ಮೇಲೆ ತೋಟದ ಪಕ್ಕದ ದಾರಿ, ಮೊಬೈಲ್ ನಂಬರ್, ಎಲ್ಲ ಬರೆಸಿದೆ. ವಿಳಾಸಕ್ಕೆ ಇನ್ನೂ ಜಾಸ್ತಿ ಹೊತ್ತು ಕೊಟ್ಟಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.

ಆ ಕವರೂ ಕೋರ್ಟಿಗೆ ಮರಳಿತು. ವಕೀಲರು ಫೈಲ್ ತೆಗೆದು ತೋರಿಸಿದರು. ಅಂಟು ಬಿಚ್ಚಿರಲಿಲ್ಲ. ಮಳೆಗೆ ಒಂದು ಮೂಲೆ ಉಬ್ಬಿತ್ತು. ಮೇಲೆ ನೀಲಿ ಪೆನ್ನಿನಲ್ಲಿ ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಅಂತ ಷರಾ, ತಾರೀಕು, ಪೋಸ್ಟ್‌ಮ್ಯಾನ್ ಸಹಿ. ಮತ್ತೆ ಮೊದಲಿನಿಂದ ಶುರು ಅಂದುಕೊಂಡು ಅಲ್ಲೇ ಅತ್ತುಬಿಟ್ಟೆ. “ಅಳಬೇಡಮ್ಮ, ಬೇಡ ಅಂದರೂ ತಲುಪಿದ ಲೆಕ್ಕವೇ” ಅಂದರು ವಕೀಲರು.

ಇದನ್ನು ನನ್ನಂಥವರು ಮೊದಲೇ ತಿಳಿದಿರಬೇಕು. ‘ಮನೆಯಲ್ಲಿಲ್ಲ’, ‘ಬಾಗಿಲು ಹಾಕಿದೆ’ ಅಂತ ಬಂದರೆ ಸಾಮಾನ್ಯವಾಗಿ ಮತ್ತೆ ಕಳಿಸಬೇಕು. ‘ನಿರಾಕರಿಸಿದ್ದಾರೆ’ ಅಂತ ಬಂದರೆ ನೋಟಿಸ್ ಜಾರಿಯಾಗಿದೆ, ಅಂದರೆ ತಲುಪಿದೆ ಅಂತ ಕೋರ್ಟ್ ತೆಗೆದುಕೊಳ್ಳಬಹುದು. ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತ ಮನವರಿಕೆಯಾದರೆ ಅವರಿಲ್ಲದೆಯೇ ಕೇಸ್ ನಡೆಸಬಹುದು. ಇನ್ನೊಂದು ವಿಷಯ. ಗಂಡ ಸಿಗದಿದ್ದಾಗ ಸಮನ್ಸನ್ನು (ಕೋರ್ಟಿಗೆ ಬರಲು ಹೇಳುವ ಆದೇಶವನ್ನು) ಮನೆಯ ದೊಡ್ಡ ಗಂಡಸರ ಕೈಗೆ ಮಾತ್ರ ಕೊಡಬಹುದು ಅಂತಿತ್ತು ಹಳೇ ಕಾನೂನು. ಈಗ ಜೊತೆಯಲ್ಲಿರುವ ಅತ್ತೆಯ ಕೈಗೂ ಕೊಡಬಹುದು.

ಅವರು ಬರಲಿಲ್ಲ ಅಂತ ಕೇಳಿದ್ದೆಲ್ಲ ಸಿಗುವುದಿಲ್ಲ. ಸ್ಕೂಲ್ ಫೀಸ್ ರಸೀದಿ, ಔಷಧಿ ಬಿಲ್ ಕೊಟ್ಟೆ. ಗಂಡನಿಗೆ ಆದಾಯ ಇದೆ ಅಂತ ತೋರಿಸಲು ಅವರ ಹೆಸರಿನ ಪಹಣಿ ತೆಗೆಸಿದೆ. ಅದರಲ್ಲಿ ಬೆಳೆ ‘ಅಡಿಕೆ’ ಅಂತಲೇ ಇತ್ತು. ತಿಂಗಳಿಗೆ 5,000 ರೂಪಾಯಿ ಆದೇಶವಾಯಿತು, ಅದೂ ಅರ್ಜಿ ಹಾಕಿದ ದಿನದಿಂದ. ಹಾಗೇ ಕೊಡಬೇಕು ಅಂತ 2020ರ ರಜನೀಶ್–ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆಮೇಲೆ ಮಗಳ ಅಪ್ಪ ಬಂದರು. ಇಂಥ ಆದೇಶ ರದ್ದು ಮಾಡಿಸಲು ಮೂರು ತಿಂಗಳೊಳಗೆ ಸರಿಯಾದ ಕಾರಣ ಕೊಟ್ಟು ಕೇಳಬಹುದು. “ನನಗೆ ನೋಟಿಸೇ ಬಂದಿಲ್ಲ” ಅಂದರು. ಜಡ್ಜ್ ಆ ಕವರ್ ತೆಗೆದು ಷರಾ ಓದಿದರು. ಅವರ ಅರ್ಜಿ ವಜಾ ಆಯಿತು.

ದುಡ್ಡು ಆಗಲೂ ಬರಲಿಲ್ಲ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು, ಸುಮ್ನೆ ಕಾಯುತ್ತಾ ಕೂರಬಾರದು. ನಾಲ್ಕನೇ ತಿಂಗಳಿಗೇ ಹಾಕಿದೆ. ಆ ನೋಟಿಸನ್ನು ಅವರೇ ಸಹಿ ಹಾಕಿ ತೆಗೆದುಕೊಂಡರು.