ನ್ಯಾಸ್ ಕೈಕೊಟ್ಟಾಗ ಉಳಿಸಿದ್ದು ಹಳೇ ಡೆಸ್ಕ್‌ಟಾಪ್: ನನ್ನ ಬ್ಯಾಕಪ್ ಪದ್ಧತಿ

ಪೀಣ್ಯದ ಒಂದು ಕಾರ್ಖಾನೆ. ಮೂವತ್ತು ಚಿಲ್ಲರೆ ಪಿಸಿ, ಒಂದು ವಿಂಡೋಸ್ ಸರ್ವರ್, ಟ್ಯಾಲಿ ಮತ್ತು ಡ್ರಾಯಿಂಗ್ ಸೇರಿ 180 ಜಿಬಿ ಆಸುಪಾಸು ಡೇಟಾ. ಬ್ಯಾಕಪ್ ಹೋಗುತ್ತಿದ್ದದ್ದು ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿದ್ದ ನ್ಯಾಸ್‌ಗೆ, ಅಂದರೆ ನೆಟ್‌ವರ್ಕ್‌ಗೆ ಸಿಕ್ಕಿಸಿದ ಡಿಸ್ಕ್ ಪೆಟ್ಟಿಗೆಗೆ. ಸರ್ವರ್ ಬರೆಯಬಲ್ಲ ಜಾಗದಲ್ಲಿ ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕೂಡ ಬರೆಯಬಲ್ಲದು. ಬೇರೆ ಬ್ಯಾಕಪ್‌ಗೆ ಹೊರಗಿನವರ ಕೊಟೇಶನ್ ಒಂದೂವರೆ ಲಕ್ಷ ದಾಟಿತ್ತು. 8 ಜಿಬಿ ರ‍್ಯಾಮ್‌ನ ಹಳೇ ಡೆಸ್ಕ್‌ಟಾಪ್, ಡೆಬಿಯನ್ ಲಿನಕ್ಸ್, ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ ಸಾಕು ಅಂದೆ. "ಇದರಲ್ಲಿ ಏನಾಗುತ್ತೆ ಸಾರ್" ಅಂದವರೇ ಎಲ್ಲ. ಡಿಸ್ಕ್ ಸಮೇತ ಮೂವತ್ತು ಸಾವಿರದೊಳಗೆ ಮುಗಿಯಿತು.

ಡೇಟಾವನ್ನು ಬ್ಯಾಕಪ್ ಪಿಸಿಯೇ ಎಳೆದುಕೊಳ್ಳುತ್ತದೆ, ಸರ್ವರ್ ತಳ್ಳುವುದಿಲ್ಲ. ಎಲ್ಲ ಪಿಸಿಗಳ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಡೊಮೇನ್‌ಗೆ ಈ ಪಿಸಿ ಸೇರಿಲ್ಲ. ಒಳಬರುವ ಪೋರ್ಟ್ ಎಲ್ಲ ಬಂದ್, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಹೆಚ್ ಕೂಡ. ಕೆಲಸವಿದ್ದರೆ ಕೀಬೋರ್ಡ್ ಸಿಕ್ಕಿಸಿ ಎದುರು ಕೂರಬೇಕು. ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕಳುವಾದರೂ ಇಲ್ಲಿ ಅದಕ್ಕೆ ಬೆಲೆಯಿಲ್ಲ. ಓದುವ ಅನುಮತಿ ಮಾತ್ರ ಇರುವ ಖಾತೆಯಿಂದ ಸರ್ವರ್‌ನ ಶೇರ್ ಮೌಂಟ್ ಮಾಡಿ (ಫೋಲ್ಡರ್‌ನಂತೆ ಜೋಡಿಸಿ), ಟ್ಯಾಲಿ ಮುಚ್ಚಿರುವ ಹೊತ್ತಲ್ಲಿ, ರಾತ್ರಿ ಒಂದೂವರೆಗೆ, ನಕಲು ಮಾಡುವ ಆರ್‌ಸಿಂಕ್, ಹಿಂದೆಯೇ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ಬದಲಾಗದ ಪ್ರತಿ).

ಸತಾಯಿಸಿದ್ದು ಆರ್‌ಸಿಂಕ್. ಅದು ಬದಲಾದ ಫೈಲನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ಹಾಗಾಗಿ ಪ್ರತಿ ಸ್ನ್ಯಾಪ್‌ಶಾಟ್ ಹತ್ತು-ಹನ್ನೆರಡು ಜಿಬಿ ನುಂಗುತ್ತಿತ್ತು. ‘ಇನ್‌ಪ್ಲೇಸ್’ (ಇದ್ದ ಜಾಗದಲ್ಲೇ ಬರೆ), ‘ನೋ-ಹೋಲ್-ಫೈಲ್’ (ಬದಲಾದ ತುಂಡು ಮಾತ್ರ) ಆಯ್ಕೆ ಎರಡನ್ನೂ ಒಟ್ಟಿಗೆ ಕೊಟ್ಟ ಮೇಲೆ ಕೆಲವು ನೂರು ಎಂಬಿಗೆ ಇಳಿಯಿತು. ಮೌಂಟ್ ಬಿದ್ದುಹೋಗಿದ್ದಾಗ ‘ಡಿಲೀಟ್’ ಆಯ್ಕೆಯೊಂದಿಗೆ ಓಡಿದರೆ ಖಾಲಿ ಫೋಲ್ಡರ್ ನೋಡಿ ನಕಲನ್ನೆಲ್ಲ ಅಳಿಸುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ಮೌಂಟ್‌ಪಾಯಿಂಟ್ ಪರೀಕ್ಷೆ ಇರಲಿ. ಟ್ರ್ಯಾಕ್ ಒಂದರ ಮೇಲೊಂದು ಹಾಯುವ, ಮರುಬರಹಕ್ಕೆ ನಿಧಾನವಾದ ಅಗ್ಗದ ಎಸ್‌ಎಂಆರ್ ಡಿಸ್ಕ್‌ಗೆ ಕೊಟ್ಟ ಆರೇಳು ಸಾವಿರ ದಂಡ: ರೀಸಿಲ್ವರ್ (ಡಿಸ್ಕ್‌ಗೆ ಡೇಟಾ ಮರುತುಂಬುವುದು) ದಿನಗಟ್ಟಲೆ ಎಳೆಯಿತು. ಈಗ ಟ್ರ್ಯಾಕ್ ಹಾಯದ 4 ಟಿಬಿ ಸಿಎಂಆರ್ ಡಿಸ್ಕ್ ಎರಡು, ಮಿರರ್ (ಒಂದರ ನಕಲು ಇನ್ನೊಂದು).

ನಡುವೆ ಒಂದೇ ಡೇಟಾವನ್ನು ಎರಡು ಸಲ ಇಡದ ಡೀಡ್ಯೂಪ್ ಕೂಡ ಹಚ್ಚಿ ನೋಡಿದೆ. 8 ಜಿಬಿ ರ‍್ಯಾಮ್‌ಗೆ ಅದು ಭಾರ. ಆಫ್ ಮಾಡಿದರೂ ಹಳೇ ಡೇಟಾ ಹಾಗೇ ಉಳಿಯುತ್ತದೆ, ಮತ್ತೆ ನಕಲು ಮಾಡಬೇಕಾಯಿತು. ಎಲ್‌ಝಡ್4 ಕಂಪ್ರೆಶನ್ ಒಂದೇ ಮೂರರಲ್ಲೊಂದು ಪಾಲಿನ ಹತ್ತಿರ ಜಾಗ ಉಳಿಸಿತು.

ಹೋದ ವರ್ಷ ಪರೀಕ್ಷೆ ಎದುರಾಯಿತು. ವಿಂಡೋಸ್‌ಗೆ ದೂರದಿಂದ ಲಾಗಿನ್ ಆಗುವ ಆರ್‌ಡಿಪಿಯ ಮಾಮೂಲಿ ಪೋರ್ಟ್ 3389 ಬದಲು ಬೇರೆ ಪೋರ್ಟ್ ಹಾಕಿ ಯಾರೋ ರೂಟರ್‌ನಲ್ಲಿ ತೆರೆದಿಟ್ಟಿದ್ದರು. ನಂಬರ್ ಬದಲಿಸಿದರೆ ಸ್ಕ್ಯಾನರ್‌ಗೆ ಮರೆಯಾಗುವುದಿಲ್ಲ. ಆ ದಾರಿಯಲ್ಲೇ ರ‍್ಯಾನ್ಸಮ್‌ವೇರ್ ನುಗ್ಗಿತು: ಸರ್ವರ್, ನ್ಯಾಸ್ ಎರಡೂ ಲಾಕ್. ವಿಂಡೋಸ್ ಇಟ್ಟುಕೊಳ್ಳುವ ಹಳೇ ಪ್ರತಿ, ಶ್ಯಾಡೋ ಕಾಪಿ, ಅಳಿಸಿಹೋಗಿತ್ತು. ರಾತ್ರಿ ನನ್ನ ಸ್ಕ್ರಿಪ್ಟ್ ಎಂದೂ ಬದಲಾಗಬಾರದ ಕಾವಲು ಫೈಲುಗಳ ಹ್ಯಾಶ್ (ಬೆರಳಚ್ಚಿನಂಥ ಗುರುತು) ತಾಳೆಯಾಗದೆ ತಾನೇ ನಿಂತು ಮೇಲ್ ಕಳಿಸಿತು. ಆ ಫೈಲುಗಳ ಹೆಸರು, ಜಾಗ ಇಲ್ಲಿ ಬರೆಯುವುದಿಲ್ಲ. ಸರ್ವರ್‌ಗೆ ಹೊಸದಾಗಿ ವಿಂಡೋಸ್ ಹಾಕಿ ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್ ಇಳಿಸಿದೆ. ಸಣ್ಣ ಫೈಲೇ ಜಾಸ್ತಿ, ಗಿಗಾಬಿಟ್‌ನಲ್ಲೂ ನಾಲ್ಕು ಗಂಟೆ ಹಿಡಿಯಿತು. ಕಳೆದದ್ದು ಒಂದು ದಿನದ ಎಂಟ್ರಿ.

ಈಗ ಆರ್‌ಡಿಪಿ ವೈರ್‌ಗಾರ್ಡ್ ಅನ್ನೋ ವಿಪಿಎನ್ ಒಳಗೆ ಮಾತ್ರ. ತಿಂಗಳಿಗೊಮ್ಮೆ ಟ್ಯಾಲಿ ಕಂಪನಿಯನ್ನು ಬೇರೆ ಪಿಸಿಯಲ್ಲಿ ತೆರೆದು ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುತ್ತೇವೆ. ಶನಿವಾರ ಒಂದು ಯುಎಸ್‌ಬಿ ಡಿಸ್ಕ್‌ಗೆ ನಕಲು ಇಳಿಸಿ, ಕೇಬಲ್ ಕಿತ್ತು, ಮಾಲೀಕರ ಮನೆಗೆ ಕಳಿಸುತ್ತೇವೆ.